ಯಂತ್ರದ ಸಲಹೆ, ಮನುಷ್ಯನ ಹೊಣೆ

ನಾಳೆ ಬೆಳಗಿನ ತಿಂಡಿಗೆ ಎಷ್ಟು ಅಕ್ಕಿ ನೆನೆಹಾಕಬೇಕು? ಈ ನಗರದ ಉಡುಪಿ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಂಧುಗಳು ಪ್ರತಿದಿನ ಮಧ್ಯಾಹ್ನ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಹೆಚ್ಚಾದರೆ ಹಿಟ್ಟು ಹುಳಿಯಾಗಿ ಚೆಲ್ಲಬೇಕು. ಕಡಮೆಯಾದರೆ ಒಂಬತ್ತು ಗಂಟೆಗೇ 'ದೋಸೆ ಮುಗಿಯಿತು' ಎಂದು ಬಂದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಬೇಕು. ಇಷ್ಟು ಕಾಲ ಈ ಪ್ರಶ್ನೆಗೆ ಉತ್ತರ ಕೊಡುತ್ತಿದ್ದವರು ಅಡುಗೆಮನೆಯ ಹಿರಿಯ ಭಟ್ಟರು. ಅವರು ಅದಕ್ಕಾಗಿ ಕಾಗದ ಪೆನ್ಸಿಲು ಹಿಡಿದವರಲ್ಲ. ವಾರ ಯಾವುದು, ತಿಥಿ ಯಾವುದು, ತಿಂಗಳ ಮೊದಲ ವಾರವೋ ಕೊನೆಯ ವಾರವೋ, ಮಳೆ ಬರುವಂತಿದೆಯೋ ಹೇಗೆ ಎಂಬುದನ್ನೆಲ್ಲ ಮನಸ್ಸಿನಲ್ಲಿಯೇ ಕೂಡಿಸಿ ಕಳೆದು, 'ಇವತ್ತು ಎರಡು ಕಿಲೋ ಹೆಚ್ಚಿಗೆ ಹಾಕಪ್ಪಾ' ಎಂದುಬಿಡುತ್ತಿದ್ದರು. ಬಹುಮಟ್ಟಿಗೆ ಅವರ ಮಾತು ಸರಿಯಾಗಿಯೂ ಇರುತ್ತಿತ್ತು.

ಈಗ ಅದೇ ಪ್ರಶ್ನೆಗೆ ಎರಡನೆಯ ಉತ್ತರವೊಂದು ಬರತೊಡಗಿದೆ. ಗಲ್ಲಾದ ಮೇಲಿರುವ ಬಿಲ್ಲಿನ ಯಂತ್ರವು ದಿನದ ಪ್ರತಿಯೊಂದು ಪ್ಲೇಟನ್ನೂ ಎಣಿಸಿಟ್ಟುಕೊಳ್ಳುತ್ತದೆ. ಆ ಲೆಕ್ಕವನ್ನು ಕಂಪ್ಯೂಟರಿನ ಲೆಕ್ಕಸೂತ್ರಕ್ಕೆ ಉಣಿಸಿದರೆ, ನಾಳೆ ಎಷ್ಟು ದೋಸೆ, ಎಷ್ಟು ಇಡ್ಲಿ, ಎಷ್ಟು ಪಾರ್ಸೆಲ್ ಎಂಬ ಅಂದಾಜನ್ನು ಅದು ಇಂದೇ ಬರೆದುಕೊಡುತ್ತದೆ. ಹಲವು ಶಾಖೆಗಳನ್ನುಳ್ಳ ದೊಡ್ಡ ಉಪಾಹಾರ ಸಂಸ್ಥೆಗಳಲ್ಲಿ ಇದು ಹೊಸ ಸಂಗತಿಯಾಗಿ ಉಳಿದಿಲ್ಲ. ಕಾರ್ಖಾನೆಗಳ ಉಗ್ರಾಣಗಳಲ್ಲಿ ಗುಮಾಸ್ತೆ ಮಾಡುವ ನಮ್ಮ ವಾಚಕರಂತೂ ಇದನ್ನು ಬಹಳ ಕಾಲದಿಂದ ಬಲ್ಲರು. ಯಾವ ಸಾಮಾನು ಎಷ್ಟು ತರಿಸಬೇಕು, ಯಾವ ತಾರೀಖಿಗೆ ತರಿಸಬೇಕು ಎಂಬ ಪಟ್ಟಿ ಬೆಳಗ್ಗೆ ಅವರು ಕುರ್ಚಿಯಲ್ಲಿ ಕೂರುವ ಮೊದಲೇ ಪರದೆಯ ಮೇಲೆ ಸಿದ್ಧವಾಗಿರುತ್ತದೆ.

ಯಂತ್ರ ಒಂದು ಹೇಳಿ, ಮನುಷ್ಯನ ಮನಸ್ಸು ಇನ್ನೊಂದು ಹೇಳಿದಾಗ ಯಾವುದನ್ನು ಅನುಸರಿಸಬೇಕು? ಯಾವುದನ್ನು ಅನುಸರಿಸಿದರೂ ಫಲ ಕೆಟ್ಟರೆ ಅದಕ್ಕೆ ಉತ್ತರ ಹೇಳತಕ್ಕವರು ಯಾರು? ಮೊದಲನೆಯ ಪ್ರಶ್ನೆಯನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಎರಡನೆಯದು ದುಡಿಯುವವನ ಅನ್ನಕ್ಕೆ ಸಂಬಂಧಪಟ್ಟದ್ದು. ಅದನ್ನು ಕೇಳುವವರು ಕಡಮೆ. ಇಂದು ಎರಡನ್ನೂ ಒಟ್ಟಿಗೆ ಪರಿಶೀಲಿಸುವುದು ಉಚಿತವೆಂದು ನಮಗೆ ತೋರಿದೆ.

ಯಂತ್ರ ಹಾಕುವ ಲೆಕ್ಕ

ಮೊದಲು ಯಂತ್ರದ ಕೆಲಸವನ್ನು ಅರಿತುಕೊಳ್ಳೋಣ. ಕಾರ್ಖಾನೆಯಲ್ಲಿ ಇದಕ್ಕೆ ಉತ್ಪಾದನಾ ಯೋಜನೆ ಎಂದು ಹೆಸರು. ಅಮೆರಿಕದ ಐ.ಬಿ.ಎಂ. ಕಂಪನಿಯಲ್ಲಿದ್ದ ಜೋಸೆಫ್ ಓರ್ಲಿಕಿ ಎಂಬವರು 1960ರ ದಶಕದಲ್ಲಿ ಇದಕ್ಕೆ ಕಂಪ್ಯೂಟರಿಗೆ ಒಗ್ಗುವ ಒಂದು ವಿಧಾನವನ್ನು ರೂಪಿಸಿ, 1975ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಇಂದು ಜಗತ್ತಿನ ಸಾವಿರಾರು ಕಾರ್ಖಾನೆಗಳು ಅದೇ ವಿಧಾನದ ಒಂದಲ್ಲ ಒಂದು ರೂಪವನ್ನು ಅನುಸರಿಸುತ್ತಿವೆ. ಅದರ ತತ್ತ್ವ ಬಹು ಸರಳವಾದದ್ದು: ಕೊನೆಗೆ ಮಾರುವ ವಸ್ತುವಿಗೆ ಮಾತ್ರ ಬೇಡಿಕೆಯನ್ನು ಊಹಿಸಬೇಕು, ಅದರೊಳಗೆ ಸೇರುವ ವಸ್ತುಗಳ ವಿಷಯದಲ್ಲಿ ಊಹೆ ಬೇಕಿಲ್ಲ, ಲೆಕ್ಕ ಸಾಕು.

ಇದನ್ನು ನಮ್ಮ ಅಡುಗೆಮನೆಯಲ್ಲಿಯೇ ನೋಡಬಹುದು. ನಾಳೆ ಬೆಳಗ್ಗೆ ಆರು ಗಂಟೆಗೆ ಕಾವಲಿ ಕಾಯಬೇಕು, 600 ದೋಸೆ ಖರ್ಚಾಗಬಹುದು ಎಂದಿಟ್ಟುಕೊಳ್ಳೋಣ. ಹಿಟ್ಟು ಹುದುಗುವುದಕ್ಕೆ ಹತ್ತು ಗಂಟೆ ಬೇಕಾದರೆ ರಾತ್ರಿ ಎಂಟಕ್ಕೆ ರುಬ್ಬಿ ಮುಗಿದಿರಬೇಕು. ರುಬ್ಬುವುದಕ್ಕೆ ಎರಡು ಗಂಟೆ, ನೆನೆಯುವುದಕ್ಕೆ ಐದು ಗಂಟೆ. ಹಾಗಾದರೆ ಮಧ್ಯಾಹ್ನ ಒಂದು ಗಂಟೆಗೆ ಅಕ್ಕಿಯೂ ಉದ್ದೂ ನೀರಿನಲ್ಲಿರಬೇಕು. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ಅಷ್ಟು ಉದ್ದು ಉಗ್ರಾಣದಲ್ಲಿ ಇಲ್ಲದಿದ್ದರೆ, ಅಂಗಡಿಯವರು ತಂದುಹಾಕಲು ಎರಡು ದಿನ ಬೇಕಾದರೆ, ಮೊನ್ನೆಯೇ ಚೀಟಿ ಹೋಗಿರಬೇಕಾಗಿತ್ತು. ಹೀಗೆ ಕೊನೆಯಿಂದ ಹಿಂದಕ್ಕೆ ನಡೆದುಬರುವುದೇ ಓರ್ಲಿಕಿಯವರ ವಿಧಾನ. ನಮ್ಮ ಭಟ್ಟರು ಆ ಗ್ರಂಥವನ್ನು ಓದದೆಯೇ ಅದನ್ನು ಆಚರಿಸಿಕೊಂಡು ಬಂದವರು.

ಆದರೆ ಹೋಟೆಲಿನಲ್ಲಿ ಸಾಮಾನು ನೂರಿನ್ನೂರು. ಕಾರ್ಖಾನೆಯಲ್ಲಿ ಅವು ಸಾವಿರಗಟ್ಟಲೆ. ಈ ನಗರದ ಔಷಧದ ಕಾರ್ಖಾನೆಗಳನ್ನೇ ತೆಗೆದುಕೊಂಡರೆ, ಒಂದು ಮಾತ್ರೆಗೆ ಮೂಲ ಔಷಧ, ಪಿಷ್ಟ, ಹೊದಿಕೆಯ ಹಾಳೆ, ಪೆಟ್ಟಿಗೆ, ಮೇಲಂಟಿಸುವ ಚೀಟಿ ಇವೆಲ್ಲ ಒಂದೇ ದಿನಕ್ಕೆ ಒಂದೇ ಕಡೆ ಕೂಡಬೇಕು. ಅಂಥ ನೂರಾರು ಮಾತ್ರೆಗಳಿಗೆ ಮನುಷ್ಯ ಕುಳಿತು ಲೆಕ್ಕ ಹಾಕುವುದೆಂದರೆ ವಾರಗಳ ಕೆಲಸ. ಯಂತ್ರ ಅದನ್ನು ಕೆಲವು ನಿಮಿಷಗಳಲ್ಲಿ ಮುಗಿಸುತ್ತದೆ. ಕೂಡಿಸುವುದರಲ್ಲಿ ತಪ್ಪುವುದಿಲ್ಲ, ಬೇಸರಿಸುವುದಿಲ್ಲ. ಯಂತ್ರದ ಉಪಯೋಗವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇವೆ.

ಆದರೂ ಒಂದು ಮಾತನ್ನು ಮರೆಯಲಾಗದು. ಮೇಲಿನ ಲೆಕ್ಕದಲ್ಲಿ ಉಳಿದುದೆಲ್ಲ ಗಣಿತವಾದರೂ 600 ಎಂಬ ಮೊದಲನೆಯ ಅಂಕಿ ಕೇವಲ ಊಹೆ. ಅದು ತಪ್ಪಿದರೆ ಅದರ ಕೆಳಗಿನದೆಲ್ಲವೂ ತಪ್ಪುತ್ತದೆ. ತಪ್ಪು ಅಸಲಿನ ಮೇಲೆ ಕಾಸಿಗೆ ಕಾಸು ಸರಿಯಾಗಿ ಕಟ್ಟಿದ ಬಡ್ಡಿಯಂತಾಗುತ್ತದೆ. ಈಚಿನ ಯಂತ್ರಗಳು ಆ ಮೊದಲನೆಯ ಅಂಕಿಯನ್ನೂ ತಾವೇ ಊಹಿಸಲು ಹೊರಟಿವೆ. ತೊಡಕು ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ನಮ್ಮ ನಗರದ ನಂಟುಳ್ಳ ಒಂದು ಕಥೆ

ಕಂಪ್ಯೂಟರಿಗೂ ಹೈದರಾಬಾದಿಗೂ ಇರುವ ನಂಟು ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳಿಗಿಂತ ಹಳೆಯದು. ಸ್ವದೇಶೀ ಕಂಪ್ಯೂಟರುಗಳನ್ನು ಮೊದಮೊದಲು ತಯಾರಿಸಿದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸ್ಥಾಪನೆಯಾದದ್ದು 1967ರಲ್ಲಿ, ಈ ನಗರದಲ್ಲಿಯೇ. ಉತ್ಪಾದನಾ ಯೋಜನೆಯ ಇತಿಹಾಸದಲ್ಲಿಯೂ ಈ ನಗರದ ಹೆಸರು ಬರುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಕಲಿತು ಅಮೆರಿಕಕ್ಕೆ ತೆರಳಿದ ಸಂಜೀವ್ ಸಿಧು ಎಂಬವರು 1988ರಲ್ಲಿ ತಮ್ಮ ಸಂಗಡಿಗರೊಬ್ಬರೊಡನೆ ಕೂಡಿ 'ಐ-ಟೂ' ಎಂಬ ಕಂಪನಿಯನ್ನು ಟೆಕ್ಸಾಸಿನಲ್ಲಿ ಕಟ್ಟಿದರು. ಬೇಡಿಕೆಯನ್ನು ಊಹಿಸಿ, ಅದಕ್ಕೆ ತಕ್ಕಂತೆ ಕಾರ್ಖಾನೆಗೆ ಯೋಜನೆ ಹಾಕಿಕೊಡುವ ಕಂಪ್ಯೂಟರ್ ಪದ್ಧತಿಯೇ ಅದರ ಸರಕು. ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಆ ಕ್ಷೇತ್ರದ ಮುಂಚೂಣಿಯ ಕಂಪನಿಗಳಲ್ಲಿ ಒಂದಾಯಿತು.

ಆ ಪದ್ಧತಿಯನ್ನು ಕೊಂಡವರಲ್ಲಿ ಬೂಟುಗಳನ್ನು ಮಾರುವ ನೈಕಿ ಕಂಪನಿಯೂ ಒಂದು. 2000ನೆಯ ಇಸವಿಯ ಜೂನಿನಲ್ಲಿ ಅಲ್ಲಿ ಅದು ಬಳಕೆಗೆ ಬಂತು. ಮರುವರ್ಷ ಫೆಬ್ರವರಿಯಲ್ಲಿ ನೈಕಿ ಕಂಪನಿಯು ತನಗೆ ಸುಮಾರು 10 ಕೋಟಿ ಡಾಲರುಗಳ ವ್ಯಾಪಾರ ನಷ್ಟವಾಗಿದೆಯೆಂದು ಬಹಿರಂಗವಾಗಿ ಹೇಳಬೇಕಾಯಿತು. ಗಿರಾಕಿಗಳು ಬಯಸಿದ 'ಏರ್ ಜೋರ್ಡಾನ್' ಬೂಟುಗಳು ಸಾವಿರಗಟ್ಟಲೆ ಕಡಮೆ ಬಿದ್ದವು. ಅಷ್ಟಾಗಿ ಬೇಡವಾಗಿದ್ದ 'ಏರ್ ಗಾರ್ನೆಟ್' ಸಾವಿರಗಟ್ಟಲೆ ಹೆಚ್ಚಾದವು. ತಪ್ಪು ಗೊತ್ತಾಗುವ ವೇಳೆಗೆ ಆರ್ಡರುಗಳು ಕಾರ್ಖಾನೆಗಳನ್ನು ಮುಟ್ಟಿಯಾಗಿತ್ತು. ಕಂಪನಿಯ ಷೇರಿನ ಬೆಲೆ ಸುಮಾರು ಐದರಲ್ಲೊಂದು ಭಾಗ ಕುಸಿಯಿತು.

ತಪ್ಪು ಯಾರದು? ಕೊಂಡವರು ಯಂತ್ರವನ್ನು ದೂರಿದರು. ಮಾರಿದವರು, 'ನಾವು ಹೇಳಿದ ಕ್ರಮದಲ್ಲಿ ಬಳಸಲಿಲ್ಲ, ತಮಗೆ ಬೇಕಾದಂತೆ ಬದಲಾಯಿಸಿಕೊಂಡರು' ಎಂದು ಕೊಂಡವರನ್ನು ದೂರಿದರು. ಈ ವಾದದಲ್ಲಿ ತೀರ್ಪು ಹೇಳುವ ಅಗತ್ಯ ನಮಗಿಲ್ಲ. ನೈಕಿಯವರು ಆಮೇಲೆ ಏನು ಮಾಡಿದರೆಂಬುದು ಗಮನಾರ್ಹ. ಅವರು ಯಂತ್ರಗಳನ್ನು ಹೊರಗೆಸೆಯಲಿಲ್ಲ. ಹತ್ತಿರದ ದಿನಗಳ ಯೋಜನೆಯನ್ನು ಮಾತ್ರ ಭವಿಷ್ಯ ನುಡಿಯುವ ಲೆಕ್ಕಸೂತ್ರದ ಕೈಯಿಂದ ಬಿಡಿಸಿ, ಕೈಗೆ ಬಂದ ಆರ್ಡರುಗಳ ಮತ್ತು ಬಿಲ್ಲುಗಳ ಆಧಾರದ ಮೇಲೆ ನಡೆಸತೊಡಗಿದರು. ಎಂದರೆ ಊಹೆಗೆ ಎಷ್ಟು ಜಾಗ, ಕಣ್ಣಿಗೆ ಕಂಡ ಸಂಗತಿಗೆ ಎಷ್ಟು ಜಾಗ ಎಂಬುದನ್ನು ಹೊಸದಾಗಿ ಹಂಚಿದರು.

ಐ-ಟೂ ಕಂಪನಿಯನ್ನು 2010ರಲ್ಲಿ ಇನ್ನೊಂದು ಕಂಪನಿ ಕೊಂಡಿತು. ಆ ಕಂಪನಿ 2020ರಲ್ಲಿ ಬ್ಲೂ ಯಾಂಡರ್ ಎಂದು ಹೆಸರು ಬದಲಿಸಿಕೊಂಡಿತು. ಅದರ ಕಚೇರಿಗಳು ಬೆಂಗಳೂರಿನಲ್ಲಿಯೂ ನಮ್ಮ ಹೈದರಾಬಾದಿನಲ್ಲಿಯೂ ಇವೆ. ಪರದೇಶದ ಅಂಗಡಿಯೊಂದರ ಗುಮಾಸ್ತನಿಗೆ ನಾಳೆ ಏನು ತರಿಸಬೇಕೆಂದು ಹೇಳುವ ಯಂತ್ರವನ್ನು ತಿದ್ದುವ ಎಂಜಿನಿಯರು, ಬೆಳಗ್ಗೆ ನಮ್ಮವರ ಹೋಟೆಲಿನಲ್ಲಿ ಇಡ್ಲಿ ತಿಂದು ಕೆಲಸಕ್ಕೆ ಹೋಗುವವನಾಗಿರಬಹುದು.

ಮನುಷ್ಯನ ಸ್ವಭಾವ

ಯಂತ್ರ ತಪ್ಪಿದ ಕಥೆಯನ್ನು ಹೇಳಿದ ಮೇಲೆ ಮನುಷ್ಯನ ತಪ್ಪನ್ನೂ ಹೇಳುವುದೇ ನ್ಯಾಯ. ಪಾಲ್ ಮೀಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1954ರಷ್ಟು ಹಿಂದೆಯೇ ಈ ಪ್ರಶ್ನೆಯನ್ನು ಎತ್ತಿದ್ದರು. ತಜ್ಞರ ಊಹೆಯನ್ನೂ ಸರಳವಾದ ಗಣಿತಸೂತ್ರದ ಊಹೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಬಹುಪಾಲು ಸೂತ್ರವೇ ಸರಿಸಮನಾಗಿಯೋ ಮೇಲಾಗಿಯೋ ನಿಂತಿತು. ಅನುಭವಿಗಳ ಅಭಿಮಾನಕ್ಕೆ ಇದು ಹಿತವಾದ ಮಾತಲ್ಲ. ಆದರೆ ಅಂದಿನಿಂದ ಇಂದಿನವರೆಗೆ ನಡೆದ ಪರೀಕ್ಷೆಗಳು ಬಹುಮಟ್ಟಿಗೆ ಇದನ್ನೇ ಸಮರ್ಥಿಸಿವೆ.

ಸರಕಿನ ಯೋಜನೆಯ ವಿಷಯದಲ್ಲಿ ನಡೆದ ಪರಿಶೀಲನೆಗಳಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ರಾಬರ್ಟ್ ಫೈಲ್ಡ್ಸ್ ಮತ್ತು ಅವರ ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ್ದು ಮುಖ್ಯವಾದದ್ದು. ನಾಲ್ಕು ಕಂಪನಿಗಳ 60,000ಕ್ಕೂ ಹೆಚ್ಚು ಅಂದಾಜುಗಳನ್ನು ಅವರು ಪರೀಕ್ಷಿಸಿದರು. ಕಂಪ್ಯೂಟರ್ ಕೊಟ್ಟ ಅಂಕಿ, ಯೋಜಕರು ತಿದ್ದಿದ ಅಂಕಿ, ಕೊನೆಗೆ ನಿಜವಾಗಿ ಮಾರಾಟವಾದ ಅಂಕಿ, ಈ ಮೂರನ್ನೂ ಹೋಲಿಸಿದಾಗ ಎರಡು ಸಂಗತಿಗಳು ಹೊರಬಿದ್ದವು. ಯೋಜಕರು ದೊಡ್ಡದಾಗಿ ತಿದ್ದಿದ ಕಡೆ ಅಂದಾಜು ಸುಧಾರಿಸಿತ್ತು. ಅಲ್ಪಸ್ವಲ್ಪ ತಿದ್ದಿದ ಕಡೆ ಅನೇಕ ವೇಳೆ ಕೆಟ್ಟಿತ್ತು. ಕಡಮೆ ಮಾಡಿ ತಿದ್ದಿದ್ದು ಹೆಚ್ಚಾಗಿ ಪ್ರಯೋಜನಕ್ಕೆ ಬಂದಿತ್ತು. ಹೆಚ್ಚು ಮಾಡಿ ತಿದ್ದಿದ್ದು ಅಷ್ಟಾಗಿ ಬಂದಿರಲಿಲ್ಲ.

ಇದರ ಅರ್ಥವನ್ನು ಹೋಟೆಲಿನಲ್ಲಿ ದುಡಿದವರಿಗೆ ವಿವರಿಸಬೇಕಾದ್ದಿಲ್ಲ. ನೂರು ಕಿಲೋ ಎಂದಿರುವುದನ್ನು ನಲವತ್ತಕ್ಕೆ ಇಳಿಸುವವನಿಗೆ ಗಟ್ಟಿಯಾದ ಕಾರಣವೇನೋ ಗೊತ್ತಿರುತ್ತದೆ: ನಾಳೆ ಬಂದ್, ಎದುರಿನ ರಸ್ತೆ ಅಗೆದಿದ್ದಾರೆ, ಹತ್ತಿರದ ಕಾಲೇಜಿಗೆ ರಜೆ. ನೂರನ್ನು ನೂರಮೂರು ಮಾಡುವವನಿಗೆ ಅಂಥ ಕಾರಣವಿರುವುದಿಲ್ಲ. ತಾನೂ ಒಂದು ಕೈ ಆಡಿಸಿದೆನೆಂಬ ಸಮಾಧಾನವಷ್ಟೆ ಅವನಿಗೆ ಬೇಕು. ಹೆಚ್ಚು ಮಾಡುವ ಚಪಲಕ್ಕೆ ಇನ್ನೊಂದು ಮೂಲವೂ ಉಂಟು. 'ಮುಗಿಯಿತು' ಎಂಬ ಮಾತು ಯಜಮಾನರ ಕಿವಿಗೆ ಬಿದ್ದರೆ ಕೂಡಲೆ ಕೂಗಾಟವಾಗುತ್ತದೆ. ಉಳಿದ ಹಿಟ್ಟು ಮಾತ್ರ ರಾತ್ರಿ ಸದ್ದಿಲ್ಲದೆ ಮೋರಿಗೆ ಹೋಗುತ್ತದೆ. ಬೈಗುಳಕ್ಕೆ ಹೆದರಿದ ಕೈ ಹೆಚ್ಚಿನ ಕಡೆಗೇ ವಾಲುವುದು ಸಹಜ.

ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಡೀಟ್‌ವೋರ್ಸ್ಟ್ ಮೊದಲಾದ ಮೂವರು ಸಂಶೋಧಕರು 2015ರಲ್ಲಿ ಮತ್ತೊಂದು ಗುಣವನ್ನು ತೋರಿಸಿಕೊಟ್ಟರು. ಯಂತ್ರ ಒಮ್ಮೆ ತಪ್ಪಿದ್ದನ್ನು ಕಂಡವರು ಅದನ್ನು ಬಿಟ್ಟು ಮನುಷ್ಯನ ಊಹೆಯ ಕಡೆಗೆ ತಿರುಗುತ್ತಾರೆ. ಒಟ್ಟಿನಲ್ಲಿ ಮನುಷ್ಯನ ತಪ್ಪೇ ಹೆಚ್ಚೆಂದು ಕಣ್ಣಾರೆ ಕಂಡಿದ್ದರೂ ಹಾಗೆಯೇ ಮಾಡುತ್ತಾರೆ. ನಮ್ಮವನು ಹತ್ತು ಸಲ ತಪ್ಪಿದರೆ 'ಮನುಷ್ಯ ತಾನೆ' ಎನ್ನುತ್ತೇವೆ. ಯಂತ್ರ ಒಂದು ಸಲ ತಪ್ಪಿದರೆ ಕ್ಷಮೆಯಿಲ್ಲ. ಆದರೆ ಯಂತ್ರದ ಅಂಕಿಯನ್ನು ಸ್ವಲ್ಪಮಟ್ಟಿಗೆ ತಿದ್ದುವ ಸ್ವಾತಂತ್ರ್ಯವನ್ನು ಕೊಟ್ಟರೆ ಜನರು ಅದನ್ನು ಮನಸಾರೆ ಒಪ್ಪುತ್ತಾರೆಂದೂ, ಆ ಸ್ವಾತಂತ್ರ್ಯ ಅತ್ಯಲ್ಪವಾಗಿದ್ದರೂ ಸಾಕೆಂದೂ ಅವರೇ 2018ರಲ್ಲಿ ಪ್ರಕಟಿಸಿದರು. ಮನುಷ್ಯ ಬಯಸುವುದು ಯಂತ್ರದ ಮೇಲೆ ಗೆಲುವನ್ನಲ್ಲ, ತನ್ನ ಮಾತಿಗೂ ಒಂದು ಸ್ಥಾನವನ್ನು ಎಂಬುದು ಇದರಿಂದ ತಿಳಿಯುತ್ತದೆ.

ಯಂತ್ರ ಎಣಿಸದ ಲೆಕ್ಕ

ಹಾಗಾದರೆ ಮನುಷ್ಯ ತಿದ್ದುವುದೆಲ್ಲ ಅಹಂಕಾರವೆ? ಅಲ್ಲ. ಸೂತ್ರದ ಪರವಾಗಿ ಅಷ್ಟು ವಾದಿಸಿದ ಮೀಲ್ ಅವರೇ ಅದರ ಮಿತಿಗೂ ಒಂದು ಉದಾಹರಣೆ ಕೊಟ್ಟಿದ್ದರು. ಒಬ್ಬ ಪ್ರೊಫೆಸರು ವಾರಕ್ಕೊಮ್ಮೆ ತಪ್ಪದೆ ಸಿನಿಮಾಕ್ಕೆ ಹೋಗುವವರು. ಈ ವಾರವೂ ಹೋಗುತ್ತಾರೆಂದು ಸೂತ್ರ ಹೇಳುತ್ತದೆ. ಆದರೆ ನಿನ್ನೆ ಅವರ ಕಾಲು ಮುರಿದಿದೆ. ಸೂತ್ರಕ್ಕೆ ಅದು ತಿಳಿಯದು. ಪಕ್ಕದ ಮನೆಯವರಿಗೆ ತಿಳಿದಿದೆ. ಯಂತ್ರಕ್ಕೆ ಮುಟ್ಟದ ಇಂಥ ಸುದ್ದಿ ಕೈಯಲ್ಲಿದ್ದಾಗ ಮನುಷ್ಯನ ಮಾತೇ ಮೇಲು.

ಹೈದರಾಬಾದಿನಲ್ಲಿ ಇಂಥ ಮುರಿದ ಕಾಲುಗಳಿಗೆ ಬರವಿಲ್ಲ. ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ; ಆ ತಿಂಗಳು ಹಳೆಯ ಪಟ್ಟಣದ ಊಟದ ವೇಳೆಯೇ ಬದಲಾಗುತ್ತದೆ. ಹೋದ ವರ್ಷದ ಇದೇ ತಾರೀಖನ್ನು ನೋಡಿ ಲೆಕ್ಕ ಹಾಕುವ ಯಂತ್ರಕ್ಕೆ ಇದನ್ನು ಬೇರೆಯಾಗಿ ಕಲಿಸದಿದ್ದರೆ ತಪ್ಪುವುದು ನಿಶ್ಚಯ. ಗಣೇಶನ ವಿಸರ್ಜನೆಯ ದಿನ ಹುಸೇನ್ ಸಾಗರದ ಕಡೆಗೆ ಹೋಗುವ ರಸ್ತೆಗಳಲ್ಲಿ ವಾಹನ ಸಂಚಾರ ನಿಲ್ಲುತ್ತದೆ. ಒಂದು ಹೋಟೆಲಿಗೆ ಅದು ಹಬ್ಬ, ಇನ್ನೊಂದಕ್ಕೆ ಉಪವಾಸ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಹತ್ತು ಗಂಟೆಗೆ ಉಬ್ಬುವುದಿಲ್ಲ. ಮೇ ತಿಂಗಳಲ್ಲಿ ಅಷ್ಟು ಹೊತ್ತು ಬಿಟ್ಟರೆ ಹುಳಿಯಾಗಿ ಹೋಗುತ್ತದೆ. ಇನ್ನು 2020ರ ಮಾರ್ಚ್ ಕೊನೆಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ, ನಿನ್ನೆಯನ್ನು ನೋಡಿ ನಾಳೆಯನ್ನು ಹೇಳುವ ಯಾವ ಯಂತ್ರಕ್ಕೂ ಹೇಳಲು ಏನೂ ಉಳಿದಿರಲಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಯುರೋಪಿನ ದಿನಸಿ ಅಂಗಡಿಗಳ ಒಂದು ಸಂಸ್ಥೆಯಲ್ಲಿ ಸಾಮಾನು ತರಿಸುವ ಸಲಹೆಯನ್ನು ಕಂಪ್ಯೂಟರೇ ಕೊಡುತ್ತಿತ್ತು. ಅಂಗಡಿಯ ಮ್ಯಾನೇಜರುಗಳು ಆ ಸಲಹೆಯನ್ನು ಪದೇ ಪದೇ ಬದಲಾಯಿಸುತ್ತಿದ್ದರು. ಇದನ್ನು ಪರಿಶೀಲಿಸಿದ ವಾನ್ ಡೊನ್ಸೆಲಾರ್ ಮೊದಲಾದವರು 2010ರಲ್ಲಿ ಬರೆದ ಪ್ರಬಂಧದಿಂದ ಆ ಬದಲಾವಣೆಗಳ ಒಳಗಿದ್ದ ಕ್ರಮ ಬಯಲಿಗೆ ಬಂತು. ಗದ್ದಲದ ದಿನಗಳಲ್ಲಿ ಬರಬೇಕಾದ ಸಾಮಾನನ್ನು ಮ್ಯಾನೇಜರುಗಳು ಬಿಡುವಿನ ದಿನಗಳಿಗೆ ಮುಂಚಿತವಾಗಿ ತರಿಸಿಕೊಳ್ಳುತ್ತಿದ್ದರು. ಏಕೆ? ಶನಿವಾರ ಗಿರಾಕಿಗಳು ಮುತ್ತಿಕೊಂಡಿರುವಾಗ ಪೆಟ್ಟಿಗೆ ಒಡೆದು ಕಪಾಟಿಗೆ ಜೋಡಿಸುವುದಕ್ಕೆ ಕೈಗಳೆಲ್ಲಿವೆ? ಯಂತ್ರ ಸಾಮಾನಿನ ಬೆಲೆಯನ್ನು ಎಣಿಸಿತ್ತು, ಜಾಗವನ್ನು ಎಣಿಸಿತ್ತು; ಜೋಡಿಸುವ ಕೈಗಳ ದುಡಿಮೆಯನ್ನು ಎಣಿಸಿರಲಿಲ್ಲ. ಮನುಷ್ಯ ಅದನ್ನು ಎಣಿಸಿದ. ಹೊರಗಿನಿಂದ ನೋಡುವವರಿಗೆ ಅದು ಅವಿಧೇಯತೆಯಂತೆ ಕಂಡೀತು. ವಾಸ್ತವವಾಗಿ ಅದು ಯಂತ್ರದ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಸಾಲನ್ನು ತುಂಬಿದ ಕೆಲಸ.

ಹೋಟೆಲಿನ ಕೆಲಸಗಾರರು ಈ ಸಾಲನ್ನು ಚೆನ್ನಾಗಿ ಬಲ್ಲರು. ಬೆಳಗ್ಗೆ ನಾಲ್ಕಕ್ಕೆ ಎದ್ದವನಿಗೆ ರಾತ್ರಿ ಹನ್ನೊಂದಕ್ಕೆ ಇನ್ನೊಂದು ಸುತ್ತು ರುಬ್ಬಬೇಕೆಂದು ಯಂತ್ರ ಬರೆದುಕೊಡಬಲ್ಲದು. ಅದಕ್ಕೆ ನಿದ್ರೆಯಿಲ್ಲ, ಇನ್ನೊಬ್ಬರ ನಿದ್ರೆ ಅದರ ಲೆಕ್ಕಕ್ಕೆ ಬರುವುದೂ ಇಲ್ಲ. ಆ ಯೋಜನೆಯನ್ನು ಬದಲಾಯಿಸುವ ಭಟ್ಟರನ್ನು 'ಹಳೆಯ ಕಾಲದವರು' ಎಂದು ತಳ್ಳಿಹಾಕುವ ಮೊದಲು, ಅವರು ಯಾವ ಲೆಕ್ಕವನ್ನು ತುಂಬುತ್ತಿದ್ದಾರೆಂದು ಕೇಳುವುದು ಯಜಮಾನರಿಗೆ ಭೂಷಣ.

ಹಳೆಯ ಭಯ, ಹೊಸ ಭಯ

ಇನ್ನು ಹೊಣೆಯ ಪ್ರಶ್ನೆ. 1960ರ ದಶಕದಲ್ಲಿ ಜೀವವಿಮಾ ನಿಗಮವು ಕಲ್ಕತ್ತೆಯಲ್ಲಿ ಕಂಪ್ಯೂಟರನ್ನು ಸ್ಥಾಪಿಸಲು ಹೊರಟಾಗ, ಅದು ಇಲಾಕೊ ಹೌಸ್ ಕಟ್ಟಡದೊಳಗೆ ಬಾರದಂತೆ ನೌಕರರು ಹಗಲಿರುಳು ಕಾವಲು ಕೂತರು. ಯಂತ್ರ ಬಂದರೆ ನೌಕರಿ ಹೋದೀತೆಂಬುದು ಅವರ ಭಯ. ಇಂಥ ಕಳವಳದ ಹಿನ್ನೆಲೆಯಲ್ಲಿಯೇ ಕೇಂದ್ರ ಸರ್ಕಾರ 1969ರಲ್ಲಿ ಪ್ರೊಫೆಸರ್ ವಿ. ಎಂ. ದಾಂಡೇಕರರ ಅಧ್ಯಕ್ಷತೆಯಲ್ಲಿ ಯಾಂತ್ರೀಕರಣವನ್ನು ಕುರಿತು ಒಂದು ಸಮಿತಿಯನ್ನು ನೇಮಿಸಿತು. ಬ್ಯಾಂಕುಗಳಲ್ಲಿ ಕಂಪ್ಯೂಟರ್ ನೆಲೆಯೂರಿದ್ದು 1983ರಲ್ಲಿ ನೌಕರ ಸಂಘಗಳೊಡನೆ ಒಪ್ಪಂದವಾದ ತರುವಾಯವೇ. ಆ ಹೋರಾಟಗಳನ್ನು ಅಜ್ಞಾನವೆಂದು ಇಂದು ನಗುವವರಿದ್ದಾರೆ. ನಾವು ನಗಲಾರೆವು. ಯಂತ್ರ ಬರುವ ಮೊದಲು ನೌಕರನೊಡನೆ ಮಾತನಾಡಬೇಕೆಂಬ ಪದ್ಧತಿ ಬಂದದ್ದು ಆ ಹೋರಾಟಗಳ ಫಲವಾಗಿಯೇ.

ಅಂದಿನ ಭಯ ಕೆಲಸ ಹೋಗುವುದರದು. ಇಂದಿನ ಭಯ ಇನ್ನೂ ಸೂಕ್ಷ್ಮವಾದದ್ದು: ಕೆಲಸ ಉಳಿಯುತ್ತದೆ, ಅಧಿಕಾರ ಹೋಗುತ್ತದೆ, ಹೊಣೆ ಮಾತ್ರ ಮೊದಲಿದ್ದಲ್ಲಿಯೇ ನಿಲ್ಲುತ್ತದೆ. ಯಂತ್ರ 600 ಎಂದಿತು, ಭಟ್ಟರು 400 ಸಾಕೆಂದು ನಿಲ್ಲಿಸಿದರು, ಗಿರಾಕಿ ಹಿಂದಿರುಗಿದ. 'ಯಂತ್ರ ಹೇಳಿದರೂ ಏಕೆ ಕೇಳಲಿಲ್ಲ?' ಎಂದು ಬೈಗುಳ. ಮರುದಿನ ಯಂತ್ರ 600 ಎಂದಿತು, ಭಟ್ಟರು ಹಾಗೆಯೇ ಮಾಡಿದರು, 200 ಉಳಿಯಿತು. 'ಇಷ್ಟು ವರ್ಷದ ಅನುಭವ ಏತಕ್ಕೆ? ನೋಡಿ ಹಾಕಬಾರದಿತ್ತೆ?' ಎಂದು ಮತ್ತೆ ಬೈಗುಳ. ಸರಿಯಾದಾಗ ಕೀರ್ತಿ ಯಂತ್ರಕ್ಕೆ, ತಪ್ಪಿದಾಗ ಅಪಕೀರ್ತಿ ಮನುಷ್ಯನಿಗೆ.

ಹೀಗಾದಾಗ ಬುದ್ಧಿವಂತ ಏನು ಮಾಡುತ್ತಾನೆ? ತಪ್ಪೆಂದು ತಿಳಿದಿದ್ದರೂ ಯಂತ್ರ ಹೇಳಿದಂತೆ ಮಾಡಿ, 'ಯಂತ್ರವೇ ಹೇಳಿತು ಸ್ವಾಮಿ' ಎಂದು ಕೈತೊಳೆದುಕೊಳ್ಳುತ್ತಾನೆ. ನಾಳೆ ಬಂದ್ ಎಂದು ಬಲ್ಲ ಗುಮಾಸ್ತ ಬಾಯಿ ಬಿಡುವುದಿಲ್ಲ. ನಷ್ಟ ಯಜಮಾನನಿಗೆ ಆಗುತ್ತದೆ. ಆದರೆ ಅದಕ್ಕಿಂತ ದೊಡ್ಡ ನಷ್ಟ ಕಸಬಿಗೆ ಆಗುತ್ತದೆ. ಹಿರಿಯ ಭಟ್ಟರ ಪಕ್ಕದಲ್ಲಿ ನಿಂತು, 'ಇವತ್ತೇಕೆ ಹೆಚ್ಚು, ನಿನ್ನೆಯೇಕೆ ಕಡಮೆ' ಎಂದು ಕೇಳಿ ಕಲಿಯುತ್ತಿದ್ದ ಹುಡುಗ, ಪರದೆಯನ್ನು ನೋಡಿ ಅಳತೆ ಹಾಕುವುದನ್ನಷ್ಟೆ ಕಲಿಯುತ್ತಾನೆ. ಕ್ಲೀನರಾಗಿ ಸೇರಿ ಭಟ್ಟರಾಗಿ, ಮುಂದೆ ಸ್ವಂತ ಹೋಟೆಲು ತೆರೆದವರು ನಮ್ಮಲ್ಲಿ ಎಷ್ಟೋ ಮಂದಿ. ಆ ಮೆಟ್ಟಿಲುಗಳನ್ನು ಅವರು ಹತ್ತಿದ್ದು ಈ ವಿವೇಚನೆಯ ಬಲದಿಂದಲೇ. ವಿವೇಚನೆಗೆ ಅವಕಾಶವಿಲ್ಲದ ಕಡೆ ಮೆಟ್ಟಿಲೂ ಇರುವುದಿಲ್ಲ, ಅದಕ್ಕೆ ತಕ್ಕ ಸಂಬಳವೂ ಇರುವುದಿಲ್ಲ.

ಮಾಡತಕ್ಕದ್ದೇನು?

ಮೊದಲನೆಯದಾಗಿ, ಯಂತ್ರದ ಅಂಕಿಯನ್ನು ಸಲಹೆಯೆಂದು ಕೊಡಬೇಕು, ಆಜ್ಞೆಯೆಂದಲ್ಲ. ತಿದ್ದುವ ಅಧಿಕಾರ ಯಾರಿಗೆ, ಎಷ್ಟರಮಟ್ಟಿಗೆ ಎಂಬುದನ್ನು ಯಜಮಾನರು ಮೊದಲೇ ಗೊತ್ತುಮಾಡಿ ಹೇಳಬೇಕು. ಅಧಿಕಾರವಿಲ್ಲದವನ ಮೇಲೆ ಹೊಣೆ ಹೊರಿಸುವುದು ಯಾವ ನ್ಯಾಯಕ್ಕೂ ಒಪ್ಪುವ ಮಾತಲ್ಲ.

ಎರಡನೆಯದಾಗಿ, ತಿದ್ದುವವನು ಕಾರಣವನ್ನು ಬರೆದಿಡಬೇಕು. ನಾಲ್ಕಾಣೆಯ ನೋಟುಬುಕ್ಕಿನ ಕಾಲ ಹೋಗಿದ್ದರೂ ನೋಟುಬುಕ್ಕಿನ ಕಾಲ ಹೋಗಿಲ್ಲ. ತಾರೀಖು, ಯಂತ್ರದ ಅಂಕಿ, ನಮ್ಮ ಅಂಕಿ, ಕಾರಣ, ಕೊನೆಗೆ ಖರ್ಚಾದದ್ದು ಎಂದು ಐದು ಕಲಮುಗಳು ಸಾಕು. ತಿಂಗಳು ಕಳೆದ ಮೇಲೆ ಆ ಪುಟವನ್ನು ನೋಡಿದರೆ, ಎಲ್ಲಿ ನಮ್ಮ ಮಾತು ಗೆದ್ದಿತು, ಎಲ್ಲಿ ಬರಿಯ ಚಪಲವಾಗಿತ್ತು ಎಂಬುದು ತಾನಾಗಿ ಕಾಣುತ್ತದೆ. ಕಾರಣ ಹೇಳಲು ಬಾರದ ಕಡೆ, ಸಣ್ಣ ತಿದ್ದುಪಡಿಗೆ ಮನಸ್ಸಾದ ಕಡೆ, ಯಂತ್ರದ ಅಂಕಿಯನ್ನು ಹಾಗೆಯೇ ಬಿಡುವುದು ಲೇಸು. ಗಟ್ಟಿಯಾದ ಕಾರಣ ತಿಳಿದ ಕಡೆ ಅಂಜಬೇಕಾದ್ದಿಲ್ಲ. ಯಜಮಾನರು ಕೇಳಿದಾಗ ತೋರಿಸುವುದಕ್ಕೆ ಆ ಪುಟವೇ ಕೆಲಸಗಾರನ ಸಾಕ್ಷಿ.

ಮೂರನೆಯದಾಗಿ, ಯಂತ್ರವನ್ನು ಮಾರುವವರು ಅದರ ಅಂಕಿಗೆ ಕಾರಣವನ್ನೂ ತೋರಿಸುವಂತೆ ಮಾಡಬೇಕು. 600 ಎಂದರಷ್ಟೆ ಸಾಲದು. ಹೋದ ನಾಲ್ಕು ಸೋಮವಾರಗಳನ್ನು ನೋಡಿ ಹೇಳಿದ್ದೋ, ಹೋದ ವರ್ಷವನ್ನು ನೋಡಿ ಹೇಳಿದ್ದೋ ತಿಳಿದರೆ, ಅದು ಯಾವ ಸುದ್ದಿಯನ್ನು ಕಂಡಿಲ್ಲವೆಂದು ಭಟ್ಟರೇ ಹೇಳಬಲ್ಲರು.

ನಾಲ್ಕನೆಯದು ಸರ್ಕಾರಗಳಿಗೆ ಸೇರಿದ್ದು. ಮನೆಮನೆಗೆ ಊಟ ಮುಟ್ಟಿಸುವ, ಬಾಡಿಗೆ ಕಾರು ಓಡಿಸುವ ಕೆಲಸಗಾರರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಒಂದು ಕಾಯಿದೆಯಾಯಿತು. ಕೆಲಸವನ್ನು ಹಂಚುವ ಮತ್ತು ಅಳೆಯುವ ಸ್ವಯಂಚಾಲಿತ ಪದ್ಧತಿಗಳ ವಿಷಯದಲ್ಲಿ ಕೆಲಸಗಾರನಿಗೆ ತಿಳುವಳಿಕೆ ಕೊಡಬೇಕೆಂಬ ತತ್ತ್ವ ಅದರಲ್ಲಿ ಸೇರಿದೆ. ರಸ್ತೆಯಲ್ಲಿ ದುಡಿಯುವವನಿಗೆ ಒಪ್ಪಿದ ತತ್ತ್ವ ಅಡುಗೆಮನೆಯಲ್ಲಿಯೂ ಉಗ್ರಾಣದಲ್ಲಿಯೂ ದುಡಿಯುವವನಿಗೆ ಏಕೆ ಒಪ್ಪಬಾರದು?

ಯಂತ್ರವನ್ನು ತಡೆಯಬೇಕೆಂದು ನಾವು ಹೇಳುತ್ತಿಲ್ಲ; ಅದನ್ನು ದೇವರೆಂದು ಕೈಮುಗಿಯಬೇಕೆಂದೂ ಹೇಳುತ್ತಿಲ್ಲ. ಲೆಕ್ಕದಲ್ಲಿ ಅದು ನಮಗಿಂತ ಚುರುಕು, ಲೋಕಜ್ಞಾನದಲ್ಲಿ ನಾವು ಅದಕ್ಕಿಂತ ಹಿರಿಯರು. ಇಬ್ಬರೂ ಕೂಡಿ ಹಾಕಿದ ಅಕ್ಕಿ ಅಳತೆಗೆ ಹೆಚ್ಚು ಹತ್ತಿರವಾಗಿರುತ್ತದೆ. ಆದರೆ ನಾಳೆ ಬೆಳಗ್ಗೆ ಕಾವಲಿಯ ಮುಂದೆ ನಿಲ್ಲತಕ್ಕವನು ಮನುಷ್ಯನೇ. ಅವನನ್ನು ಪ್ರಶ್ನಿಸುವ ಹಕ್ಕು ಯಜಮಾನರಿಗೆ ಉಂಟೆಂದಾದರೆ, ಇಂದು ಮಧ್ಯಾಹ್ನ ಅಕ್ಕಿ ಅಳೆಯುವಾಗ ಅವನ ಮಾತನ್ನು ಒಂದು ಸಲ ಕೇಳುವ ಕರ್ತವ್ಯವೂ ಅವರಿಗೆ ಉಂಟು.